ಉಂಡ ಮನೆಯ ಜಂತೆ
(‘ದಿ ಇನ್‌ಸೈಡರ್’ ಚಲಚ್ಚಿತ್ರದ ಒಂದು ಅವಲೋಕನ)

ಉಂಡ ಮನೆಯ ಜಂತೆ ಎಣಿಸಬಾರದೆಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಊಟಕ್ಕೆ ಕುಳಿತವನು ಎಲೆಯ ಮೇಲೆ ಕಣ್ಣಿಡಬೇಕೇ ಹೊರತು, ತಲೆಯೆತ್ತಿ ಮಾಡಿನಲ್ಲಿ ಎಷ್ಟು ಜಂತೆಗಳಿವೆ, ಅವುಗಳಲ್ಲಿ ಎಷ್ಟಕ್ಕೆ ಗೆದ್ದಲು ಹಿಡಿದಿದೆ ಎಂದು ಲೆಕ್ಕ ಹಾಕಬಾರದೆಂಬುದು ಅದರ ತಾತ್ಪರ್ಯ. ಗಾದೆ ಹುಟ್ಟಿದ್ದು ಅತಿಥಿಗಾಗಿ. ಕಾಲಕ್ರಮದಲ್ಲಿ ಅದು ಸಂಬಳದ ನೌಕರನಿಗೂ ಅನ್ವಯವಾಯಿತು. ಆದರೆ ಜಂತೆಗಳು ನಿಜವಾಗಿಯೂ ಲಡ್ಡಾಗಿದ್ದು, ಆ ಮಾಡಿನ ಕೆಳಗೆ ಇನ್ನೂ ನೂರಾರು ಜನ ಊಟಕ್ಕೆ ಕೂಡುವವರಿದ್ದರೆ, ಎಣಿಸಿ ಹೇಳಿದವನು ದ್ರೋಹಿಯೋ ಉಪಕಾರಿಯೋ? ೧೯೯೯ರಲ್ಲಿ ತೆರೆಕಂಡ ‘ದಿ ಇನ್‌ಸೈಡರ್’ ಎಂಬ ಅಮೆರಿಕನ್ ಚಿತ್ರ ಎರಡು ಗಂಟೆ ಮೂವತ್ತೇಳು ನಿಮಿಷಗಳ ಕಾಲ ಕೇಳುವುದು ಈ ಒಂದೇ ಪ್ರಶ್ನೆಯನ್ನು.

ಇಷ್ಟು ಹಳೆಯ ಇಂಗ್ಲಿಷ್ ಚಿತ್ರದ ವಿಮರ್ಶೆ ಈಗೇಕೆ ಎಂದು ವಾಚಕರು ಕೇಳಬಹುದು. ಚಿತ್ರ ಹಳೆಯದಾದರೂ ಅದರ ಕೇಂದ್ರದಲ್ಲಿರುವ ಕಾಗದ ಹಳೆಯದಾಗಿಲ್ಲ. ನಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಮುಕ್ಕಾಲು ಪಾಲು ಇಂದು ಖಾಸಗಿ ಕಂಪೆನಿಗಳಲ್ಲಿದ್ದಾರೆ. ನೇಮಕಾತಿ ಪತ್ರದ ಜೊತೆಗೇ ಗೋಪ್ಯತೆಯ ಕರಾರೊಂದು ಅವರ ಕೈಗೆ ಬರುತ್ತದೆ. ಕೆಲಸ ಸಿಕ್ಕ ಸಂತೋಷದಲ್ಲಿ ಓದದೆಯೇ ರುಜು ಬೀಳುತ್ತದೆ. ಕೆಲಸ ಬಿಡುವಾಗ ಇನ್ನೊಂದು ಕಾಗದ. ಆಗ ಕೈಗೆ ಬರಬೇಕಾದ ಚೆಕ್ಕಿನ ಯೋಚನೆಯಲ್ಲಿ ರುಜು ಬೀಳುತ್ತದೆ. ನಮಗೆ ಪರಿಚಿತನಾದ ತರುಣನೊಬ್ಬ ಔಷಧ ತಯಾರಿಸುವ ಒಂದು ಕಂಪೆನಿಯ ಗುಣಪರೀಕ್ಷಾ ವಿಭಾಗದಲ್ಲಿದ್ದ. ಒಂದು ದಿನ ಇದ್ದಕ್ಕಿದ್ದಂತೆ ಕೆಲಸ ಬಿಟ್ಟ. ಕಾರಣ ಕೇಳಿದರೆ, “ಅದೊಂದು ಕೇಳಬೇಡಿ ಸಾರ್, ರುಜು ಹಾಕಿದ್ದೇನೆ” ಎಂದ. ಅವನು ಕಂಡದ್ದು ಏನೂ ಇಲ್ಲದಿರಬಹುದು, ಬಹಳವೂ ಇರಬಹುದು. ಎರಡರಲ್ಲಿ ಯಾವುದೆಂದು ತಿಳಿಯುವ ದಾರಿಯನ್ನೇ ಆ ರುಜು ಮುಚ್ಚಿಬಿಟ್ಟಿದೆ. ಆ ಔಷಧವನ್ನು ನುಂಗುವವರು ನಾವು ನೀವು ಎಂಬುದರಿಂದ ಈ ವಿಷಯ ಎಲ್ಲರಿಗೂ ಸಂಬಂಧಿಸಿದ್ದು.

ಇನ್ನು ಚಿತ್ರಕ್ಕೆ ಬರೋಣ. ದಿಗ್ದರ್ಶಕ ಮೈಕೆಲ್ ಮನ್. ಎರಿಕ್ ರಾತ್ ಅವರೊಡನೆ ಸೇರಿ ಚಿತ್ರಕಥೆ ಬರೆದವರೂ ಅವರೇ. ‘ವ್ಯಾನಿಟಿ ಫೇರ್’ ಮಾಸಿಕದಲ್ಲಿ ೧೯೯೬ರಲ್ಲಿ ಮರೀ ಬ್ರೆನರ್ ಬರೆದ ದೀರ್ಘ ಲೇಖನ ಇದಕ್ಕೆ ಆಧಾರ. ಕಥಾನಾಯಕ ಜೆಫ್ರಿ ವೈಗಂಡ್ ನಿಜವಾದ ವ್ಯಕ್ತಿ; ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ೧೯೮೯ರಲ್ಲಿ ಅವರು ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿದ್ದ ಬ್ರೌನ್ ಅಂಡ್ ವಿಲಿಯಮ್‌ಸನ್ ಎಂಬ ಸಿಗರೇಟು ಕಂಪೆನಿಯ ಸಂಶೋಧನಾ ವಿಭಾಗಕ್ಕೆ ಉಪಾಧ್ಯಕ್ಷರಾಗಿ ಸೇರಿದರು. ೧೯೯೩ರ ಮಾರ್ಚಿಯಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ೧೯೯೪ರ ಏಪ್ರಿಲ್ ೧೪ರಂದು ಏಳು ಸಿಗರೇಟು ಕಂಪೆನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ತಿನ ಉಪಸಮಿತಿಯೊಂದರ ಮುಂದೆ ಸಾಲಾಗಿ ನಿಂತು, ನಿಕೋಟಿನ್ ಚಟ ಹಿಡಿಸುವ ವಸ್ತುವೆಂದು ತಾವು ನಂಬುವುದಿಲ್ಲವೆಂದು ಪ್ರಮಾಣ ಮಾಡಿ ನುಡಿದರು. ಆ ಏಳರಲ್ಲಿ ಒಬ್ಬರು ವೈಗಂಡರ ಮಾಜಿ ಯಜಮಾನರು. ಅದು ಸುಳ್ಳೆಂದು ವೈಗಂಡರಿಗೆ ಗೊತ್ತು, ಆದರೆ ಹೇಳುವಂತಿಲ್ಲ. ಕೈ ಕಾಗದದಲ್ಲಿ ಸಿಕ್ಕಿಕೊಂಡಿದೆ.

ಆ ಕಾಗದ ಹೇಗೆ ಕೆಲಸ ಮಾಡುತ್ತದೆಂಬುದನ್ನು ತೋರಿಸುವ ದೃಶ್ಯವೇ ನಮ್ಮ ದೃಷ್ಟಿಯಲ್ಲಿ ಚಿತ್ರದ ಶಿಖರ. ಮಾಜಿ ಯಜಮಾನರು ವೈಗಂಡರನ್ನು ಕರೆಸಿಕೊಳ್ಳುತ್ತಾರೆ. ಪಕ್ಕದಲ್ಲಿ ವಕೀಲರು. ಸಭ್ಯವಾದ ಕೋಣೆ, ಸಭ್ಯವಾದ ಮಾತು. ಯಾರೂ ಮೇಜು ಗುದ್ದುವುದಿಲ್ಲ. ಹಿಂದಿನ ಕರಾರು ಸಾಲದಾಗಿದೆ, ಇನ್ನಷ್ಟು ಬಿಗಿಯಾದ ಹೊಸದೊಂದಕ್ಕೆ ರುಜು ಬೇಕು. ರುಜು ಬೀಳದಿದ್ದರೆ ಪರಿಹಾರದ ಹಣ ನಿಲ್ಲುತ್ತದೆ. ಸಂಸಾರದ ಔಷಧೋಪಚಾರದ ವೆಚ್ಚವನ್ನು ಭರಿಸುವ ವಿಮೆಯೂ ನಿಲ್ಲುತ್ತದೆ. ಮನೆಯಲ್ಲಿ ಕಾಯಿಲೆಯ ಮಗಳು. ಮೈಕೆಲ್ ಗ್ಯಾಂಬನ್ ಯಜಮಾನನ ಪಾತ್ರವನ್ನು ಎಷ್ಟು ಮೃದುವಾಗಿ ನಟಿಸಿದ್ದಾರೆಂದರೆ ಆ ಮೃದುತ್ವವೇ ನಮ್ಮನ್ನು ನಡುಗಿಸುತ್ತದೆ. ಗೋಪ್ಯತೆಯ ಕರಾರಿನ ನಿಜವಾದ ಬಲ ಅದರ ಷರತ್ತುಗಳಲ್ಲಿಲ್ಲ, ರುಜು ಹಾಕುವವನ ಮನೆಯ ಔಷಧದ ಚೀಟಿಯಲ್ಲಿದೆ ಎಂಬ ಸತ್ಯವನ್ನು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಚಿತ್ರವನ್ನು ನಾವು ನೋಡಿಲ್ಲ.

ವೈಗಂಡರಾಗಿ ರಸೆಲ್ ಕ್ರೋ ಅವರ ಅಭಿನಯ ಮೆಚ್ಚತಕ್ಕದ್ದು. ವಯಸ್ಸನ್ನೂ ತೂಕವನ್ನೂ ಹೆಚ್ಚಿಸಿಕೊಂಡು, ಕನ್ನಡಕ ಸರಿಪಡಿಸಿಕೊಳ್ಳುತ್ತ, ಭುಜ ಕುಗ್ಗಿಸಿ ನಡೆಯುವ ಈ ಮನುಷ್ಯ ವೀರನಂತೆ ಕಾಣುವುದಿಲ್ಲ; ನಮ್ಮ ಕಚೇರಿಯ ಮೂಲೆಯ ಮೇಜಿನಲ್ಲಿ ಕೂಡುವ ಸಿಡುಕು ಅಧಿಕಾರಿಯಂತೆ ಕಾಣುತ್ತಾನೆ. ಸುಲಭವಾಗಿ ಪ್ರೀತಿಸಬಹುದಾದ ಪಾತ್ರವಲ್ಲ. ಗರ್ವ ಇದೆ, ಕೋಪ ಇದೆ, ಹೆಂಡತಿಗೆ ವಿಷಯ ಹೇಳದೆ ಮುಚ್ಚಿಡುವ ಸ್ವಭಾವವಿದೆ. ಸತ್ಯ ಹೇಳುವವನು ಸಂತನೇ ಆಗಿರಬೇಕೆಂದು ಒತ್ತಾಯಿಸದಿರುವುದು ಈ ಚಿತ್ರದ ದೊಡ್ಡ ಗುಣ. ವಾಸ್ತವದಲ್ಲಿ ಕಂಪೆನಿಯ ಪರವಾದವರು ಮಾಡಿದ್ದೂ ಅದನ್ನೇ: ವೈಗಂಡರ ವೈಯಕ್ತಿಕ ಜೀವನವನ್ನೆಲ್ಲ ಜಾಲಾಡಿ ೫೦೦ ಪುಟಗಳ ಒಂದು ಕಡತ ತಯಾರಿಸಿ ಪತ್ರಿಕೆಗಳಿಗೆ ಕೊಟ್ಟರು. ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಅದನ್ನು ಒಂದೊಂದಾಗಿ ಪರಿಶೀಲಿಸಿ, ಆರೋಪಗಳಲ್ಲಿ ಹೆಚ್ಚಿನವು ಟೊಳ್ಳೆಂದು ೧೯೯೬ರ ಫೆಬ್ರುವರಿಯಲ್ಲಿ ಬರೆಯಿತು. ಜಂತೆ ಲಡ್ಡಾಗಿದೆಯೇ ಎಂಬುದನ್ನು ಬಿಟ್ಟು, ಎಣಿಸಿದವನ ನಡತೆ ಹೇಗೆಂದು ಚರ್ಚಿಸುವುದು ಎಲ್ಲ ಕಚೇರಿಗಳಲ್ಲಿಯೂ ಬಲ್ಲ ವಿದ್ಯೆ.

ಛಾಯಾಗ್ರಾಹಕ ಡಾಂಟೆ ಸ್ಪಿನೋಟಿ ಈ ಭಯವನ್ನು ಕ್ಯಾಮರಾದಲ್ಲಿ ಹಿಡಿದ ಬಗೆಯನ್ನು ಹೇಳಲೇಬೇಕು. ಕತ್ತಿ ಕೋವಿಗಳ ಭಯವಲ್ಲ ಇದು. ರಾತ್ರಿ ಗಾಲ್ಫ್ ಚೆಂಡು ಹೊಡೆಯುವ ಬಯಲಿನಲ್ಲಿ ದೂರದಲ್ಲಿ ನಿಂತ ಒಬ್ಬ ಅಪರಿಚಿತ, ಮಳೆಯಲ್ಲಿ ನಿಂತ ಕಾರಿನೊಳಗಿನ ಸಂಭಾಷಣೆ, ಸದ್ದಿಲ್ಲದ ಟೆಲಿಫೋನು. ಕೆಲಸ ಕಳೆದುಕೊಂಡವನ ಮನೆಯಲ್ಲಿ ಹಗಲು ಹೊತ್ತು ಎಷ್ಟು ಉದ್ದವಾಗಿರುತ್ತದೆಂಬುದು ಆ ಚೌಕಟ್ಟುಗಳಲ್ಲಿದೆ.

ಇಷ್ಟು ಹೊಗಳಿದ ಮೇಲೆ ಆಕ್ಷೇಪಗಳನ್ನು ಹೇಳುವುದು ವಿಮರ್ಶೆಯ ಧರ್ಮ.

ಮೊದಲನೆಯದು, ಗುಟ್ಟಿನ ಬಗ್ಗೆ. ಮನುಷ್ಯನೊಬ್ಬ ಮನೆ, ಮಡದಿ, ಮಾನ ಎಲ್ಲವನ್ನೂ ಪಣಕ್ಕಿಟ್ಟು ಹೊರಗೆಡಹಿದ ಆ ಗುಟ್ಟು ಯಾವುದು? ಚಿತ್ರ ಅದನ್ನು ಎರಡು ಮಾತಿನಲ್ಲಿ ಮುಗಿಸುತ್ತದೆ. ಬಿ.ಎಸ್‌ಸಿ. ತರಗತಿಯ ರಸಾಯನಶಾಸ್ತ್ರ ಸ್ವಲ್ಪ ನೆನಪಿರುವ ನಮ್ಮಂಥವರಿಗೆ ಇದು ಕೊರತೆಯಾಗಿಯೇ ಕಾಣುತ್ತದೆ. ನಿಕೋಟಿನ್ ಕ್ಷಾರಗುಣದ ವಸ್ತು. ತಂಬಾಕಿನ ಎಲೆಯಲ್ಲಿ ಅದು ಬಹುಮಟ್ಟಿಗೆ ಆಮ್ಲಗಳೊಡನೆ ಸೇರಿ ಲವಣರೂಪದಲ್ಲಿರುತ್ತದೆ. ಅಮೋನಿಯದ ಸಂಯುಕ್ತಗಳನ್ನು ಸೇರಿಸಿದರೆ ಅದರ ಒಂದಂಶ ಬಿಡುಗಡೆಯಾಗಿ ಮುಕ್ತ ಕ್ಷಾರವಾಗುತ್ತದೆ. ಈ ರೂಪದಲ್ಲಿ ಅದು ದೇಹದ ಪೊರೆಗಳನ್ನು ಬೇಗ ದಾಟಿ ರಕ್ತವನ್ನು ಸೇರುತ್ತದೆ. ಅಂದರೆ ನಿಕೋಟಿನ್ ಮೊದಲಿದ್ದಷ್ಟೇ ಇದ್ದರೂ ಏಟು ಹೆಚ್ಚು. ಇದು ವೈಗಂಡರು ಹೇಳಿದ ಒಂದು ಸಂಗತಿ. ಇನ್ನೊಂದು ಕೂಮರಿನ್. ಆಗತಾನೆ ಕೊಯ್ದ ಹುಲ್ಲಿನ ಪರಿಮಳದ ಈ ವಸ್ತುವನ್ನು ಅಮೆರಿಕ ೧೯೫೪ರಲ್ಲೇ ಆಹಾರಪದಾರ್ಥಗಳಲ್ಲಿ ನಿಷೇಧಿಸಿತ್ತು. ಚಿಲುಮೆಯ ತಂಬಾಕಿನಲ್ಲಿ ಅದನ್ನು ಮುಂದುವರಿಸಬಾರದೆಂದು ತಾವು ಪಟ್ಟು ಹಿಡಿದದ್ದೇ ವಜಾಕ್ಕೆ ಕಾರಣವಾಯಿತೆಂದು ವೈಗಂಡರ ಹೇಳಿಕೆ. ಇವೆರಡನ್ನೂ ಐದು ನಿಮಿಷದಲ್ಲಿ ಸಾಮಾನ್ಯ ಪ್ರೇಕ್ಷಕನಿಗೆ ತಿಳಿಯುವಂತೆ ಹೇಳಬಹುದಿತ್ತು. ಹೇಳಿದ್ದರೆ, ಕಂಪೆನಿ ‘ವ್ಯಾಪಾರದ ಗುಟ್ಟು’ ಎಂದು ಕಾಪಾಡುತ್ತಿದ್ದುದು ಮಸಾಲೆಯ ಪಾಕವನ್ನಲ್ಲ, ಸೇದುವವನ ರಕ್ತಕ್ಕೆ ಸಂಬಂಧಿಸಿದ ಸಂಗತಿಯನ್ನು ಎಂಬುದು ಇನ್ನೂ ಸ್ಪಷ್ಟವಾಗುತ್ತಿತ್ತು. ಹುಣಸೂರು, ಪಿರಿಯಾಪಟ್ಟಣದ ಕಡೆಯ ನಮ್ಮ ವಾಚಕರಿಗೆ ತಂಬಾಕು ಹೊಲದ ಬೆಳೆ, ಬ್ಯಾರನ್ನಿನ ಬೇಗೆ, ಹರಾಜಿನ ಬೆಲೆ. ಆ ಎಲೆ ಕಾರ್ಖಾನೆಯ ಬಾಗಿಲು ದಾಟಿದ ಮೇಲೆ ಏನಾಗುತ್ತದೆಂಬುದು ಬೆಳೆದವನಿಗೂ ಗೊತ್ತಾಗಬೇಕಾದದ್ದೇ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಚಿತ್ರದ ಉತ್ತರಾರ್ಧ ವೈಗಂಡರ ಕೈಬಿಟ್ಟು ಪತ್ರಕರ್ತ ಲೊವೆಲ್ ಬರ್ಗ್‌ಮನ್ ಅವರ ಕಥೆಯಾಗಿಬಿಡುತ್ತದೆ. ೧೯೯೫ರಲ್ಲಿ ಬರ್ಗ್‌ಮನ್ ಸಿ.ಬಿ.ಎಸ್. ದೂರದರ್ಶನ ಸಂಸ್ಥೆಯ ‘ಸಿಕ್ಸ್ಟಿ ಮಿನಿಟ್ಸ್’ ಕಾರ್ಯಕ್ರಮಕ್ಕೆ ವೈಗಂಡರ ಸಂದರ್ಶನವನ್ನು ಏರ್ಪಡಿಸಿದರು. ಪ್ರಸಾರಕ್ಕೆ ಮೊದಲೇ ಸಂಸ್ಥೆಯ ವಕೀಲರು ತಡೆದರು. ಅವರು ಕೊಟ್ಟ ಕಾರಣ ಸ್ವಾರಸ್ಯಕರ. ವೈಗಂಡರು ಸುಳ್ಳು ಹೇಳಿದ್ದಾರೆಂದಲ್ಲ. ಅವರು ಹೇಳಿದ್ದು ನಿಜವೇ, ಆದರೆ ಕರಾರು ಮುರಿಯಲು ನಾವು ಅವರನ್ನು ಪ್ರೇರೇಪಿಸಿದಂತಾಯಿತು, ಆದ್ದರಿಂದ ನಷ್ಟ ತುಂಬಿಕೊಡಬೇಕಾದೀತು ಎಂಬುದು. ಸತ್ಯ ಹೆಚ್ಚಿದಷ್ಟೂ ನಷ್ಟವೂ ಹೆಚ್ಚು! ಆ ವೇಳೆಗೆ ಸಂಸ್ಥೆಯನ್ನು ವೆಸ್ಟಿಂಗ್‌ಹೌಸ್ ಕಂಪೆನಿಗೆ ಮಾರುವ ವ್ಯವಹಾರವೂ ನಡೆದಿತ್ತೆಂಬುದನ್ನು ಚಿತ್ರ ಮರೆಮಾಚದೆ ಹೇಳುತ್ತದೆ.

ಈ ಕಾನೂನಿನ ಮೂಲವನ್ನು ಹುಡುಕಿದರೆ ನಗು ಬರುತ್ತದೆ. ೧೮೫೨ರಲ್ಲಿ ಲಂಡನ್ನಿನ ರಂಗಮಂದಿರವೊಂದರ ಮಾಲಿಕ ಲಮ್ಲಿ ಎಂಬಾತ ಯೊಹಾನ್ನಾ ವಾಗ್ನರ್ ಎಂಬ ಪ್ರಸಿದ್ಧ ಗಾಯಕಿಯೊಡನೆ ಕರಾರು ಮಾಡಿಕೊಂಡಿದ್ದ. ಎದುರಾಳಿ ರಂಗಮಂದಿರದ ಗೈ ಎಂಬಾತ ಹೆಚ್ಚು ಹಣದ ಆಸೆ ತೋರಿಸಿ ಆಕೆಯನ್ನು ಸೆಳೆದ. ಕರಾರು ಮುರಿಯಲು ಪ್ರೇರೇಪಿಸಿದ ಮೂರನೆಯವನ ಮೇಲೂ ದಾವೆ ಹೂಡಬಹುದೆಂದು ೧೮೫೩ರಲ್ಲಿ ನ್ಯಾಯಾಲಯ ತೀರ್ಮಾನಿಸಿತು. ಗಾಯಕಿಯನ್ನು ಹಾರಿಸಿಕೊಂಡು ಹೋದದ್ದಕ್ಕೆ ಹುಟ್ಟಿದ ತತ್ವ, ಸುಮಾರು ನೂರ ನಲವತ್ತು ವರ್ಷಗಳ ಮೇಲೆ ಸಿಗರೇಟಿನ ಸತ್ಯವನ್ನು ಅದುಮಿಡಲು ಒದಗಿತು.

ಬರ್ಗ್‌ಮನ್ನರ ಹೋರಾಟ ಸಣ್ಣದಲ್ಲ. ಸಂದರ್ಶನವಿಲ್ಲದ ಮೊಟಕು ಕಾರ್ಯಕ್ರಮ ೧೯೯೫ರ ನವೆಂಬರ್ ೧೨ರಂದು ಪ್ರಸಾರವಾಯಿತು. ಅದೇ ತಿಂಗಳ ೨೯ರಂದು ವೈಗಂಡರು, ಕೆಂಟಕಿಯ ನ್ಯಾಯಾಲಯದ ತಡೆಯಾಜ್ಞೆಯಿದ್ದರೂ, ಮಿಸಿಸಿಪಿ ರಾಜ್ಯದ ಪಾಸ್ಕಗೂಲಾದಲ್ಲಿ ಸಾಕ್ಷಿ ನುಡಿದರು. ೧೯೯೬ರ ಜನವರಿಯಲ್ಲಿ ಆ ಸಾಕ್ಷ್ಯ ‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿ ಬಂದ ಮೇಲೆ, ಫೆಬ್ರುವರಿ ೪ರಂದು ಪೂರ್ಣ ಸಂದರ್ಶನ ತೆರೆಗೆ ಬಂತು. ಇದೆಲ್ಲ ಸರಿ. ಆದರೆ ಆಲ್ ಪಚಿನೋ ಅವರ ಗಡುಸು ಕಂಠ ಚಿತ್ರವನ್ನು ಆವರಿಸಿದ ಮೇಲೆ ವೈಗಂಡರು ಹಿನ್ನೆಲೆಗೆ ಸರಿಯುತ್ತಾರೆ. ಪತ್ರಕರ್ತ ತತ್ವಕ್ಕಾಗಿ ರಾಜೀನಾಮೆ ಕೊಟ್ಟು ಬಾಗಿಲು ದಾಟಿ ಹೊರನಡೆಯುವ ದೃಶ್ಯದೊಂದಿಗೆ ಚಿತ್ರ ಮುಗಿಯುತ್ತದೆ. ಆದರೆ ಬರ್ಗ್‌ಮನ್ನರಿಗೆ ಇನ್ನೊಂದು ಪತ್ರಿಕೆಯ ಬಾಗಿಲು ತೆರೆದಿರುತ್ತದೆ. ವೈಗಂಡರಿಗೆ ಯಾವ ಸಿಗರೇಟು ಕಂಪೆನಿಯ ಬಾಗಿಲು ತೆರೆದೀತು? ವಿವಾಹ ಮುರಿದು, ಹಿಂದಿನ ಸಂಬಳದ ಹತ್ತರಲ್ಲಿ ಒಂದು ಪಾಲಿಗೆ ಪ್ರೌಢಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಮತ್ತು ಜಪಾನಿ ಭಾಷೆಯ ಮೇಷ್ಟರಾದರು ಅವರು. ಪಾಠ ಹೇಳುವ ಆ ಮನುಷ್ಯನ ಮೇಲೆ ಚಿತ್ರ ಕೊನೆಗೊಂಡಿದ್ದರೆ ನಮಗೆ ಹೆಚ್ಚು ಸಮಾಧಾನವಾಗುತ್ತಿತ್ತು.

ಮೂರನೆಯ ಆಕ್ಷೇಪ ಗುಮಾಸ್ತರ ಪರವಾಗಿ. ಅದೇ ಲೂಯಿವಿಲ್ ನಗರದಲ್ಲಿ, ಅದೇ ಕಂಪೆನಿಯ ವಕೀಲರ ಕಚೇರಿಯಲ್ಲಿ, ಮೆರೆಲ್ ವಿಲಿಯಮ್ಸ್ ಎಂಬೊಬ್ಬರು ಹಳೆಯ ಕಾಗದಪತ್ರಗಳನ್ನು ವಿಂಗಡಿಸುವ ಕೆಲಸದಲ್ಲಿದ್ದರು. ನಮ್ಮ ಲೆಕ್ಕದಲ್ಲಿ ಅದು ಗುಮಾಸ್ತಿಕೆಯೇ. ಓದುತ್ತ ಓದುತ್ತ ಕಂಪೆನಿಗೆ ದಶಕಗಳಿಂದ ಏನೇನು ಗೊತ್ತಿತ್ತೆಂಬುದು ಅವರಿಗೆ ಅರ್ಥವಾಯಿತು. ಸುಮಾರು ೪,೦೦೦ ಪುಟಗಳನ್ನು ನಕಲು ಮಾಡಿ ಹೊರಗೆ ಸಾಗಿಸಿದರು. ೧೯೯೪ರ ಮೇ ತಿಂಗಳಲ್ಲಿ ಆ ಪತ್ರಗಳ ಪೆಟ್ಟಿಗೆಯೊಂದು ಕ್ಯಾಲಿಫೋರ್ನಿಯದ ಪ್ರಾಧ್ಯಾಪಕ ಸ್ಟಾಂಟನ್ ಗ್ಲಾಂಟ್ಸ್ ಅವರನ್ನು ತಲುಪಿತು. ಮರುವರ್ಷ ಅವುಗಳ ವಿಶ್ಲೇಷಣೆ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈಗಂಡರ ಬಾಯಿಮಾತಿಗೆ ಬಲ ಬಂದದ್ದು ಈ ಲಿಖಿತ ಸಾಕ್ಷ್ಯ ಹೊರಗಿದ್ದುದರಿಂದಲೂ ಹೌದು. ಚಿತ್ರದಲ್ಲಿ ಈ ವ್ಯಕ್ತಿಗೆ ಸ್ಥಳವಿಲ್ಲ. ಉಪಾಧ್ಯಕ್ಷನ ಆತ್ಮಸಾಕ್ಷಿ ಬೆಳ್ಳಿತೆರೆಗೆ ಯೋಗ್ಯ, ಕಾಗದ ಜೋಡಿಸುವವನ ಆತ್ಮಸಾಕ್ಷಿ ಅಲ್ಲ ಎಂದೇ ಚಿತ್ರರಂಗದವರ ಎಣಿಕೆ? ದೊಡ್ಡ ಕಚೇರಿಯಲ್ಲಿ ಏನು ನಡೆಯುತ್ತದೆಂಬುದನ್ನು ಮೊದಲು ತಿಳಿಯುವವನು ಕಡತ ಹೊರುವವನೇ.

ಇದಕ್ಕೆ ಇನ್ನೂ ಹಳೆಯ ಒಂದು ದೃಷ್ಟಾಂತವಿದೆ. ಇಂಗ್ಲೆಂಡಿನಲ್ಲಿ ಉಣ್ಣೆಯ ದಲ್ಲಾಳಿಗಳ ಬಳಿ ಗುಮಾಸ್ತನಾಗಿದ್ದ ಒಬ್ಬಾತ, ಯಜಮಾನರು ಗಿರಾಕಿಗಳಿಗೆ ಮೋಸ ಮಾಡುತ್ತಿದ್ದಾರೆಂಬ ವಿವರವನ್ನು ಹೊರಗೆ ಕೊಟ್ಟನೆಂದು ಯಜಮಾನರು ನ್ಯಾಯಾಲಯಕ್ಕೆ ಹೋದರು. ೧೮೫೬ರಲ್ಲಿ ಬಂದ ಆ ತೀರ್ಪಿನ ಸಾರ ಇಷ್ಟು: ಮೋಸದ ಆರೋಪ ನಿಜವಾದಲ್ಲಿ, ಅದನ್ನು ಬಚ್ಚಿಡುವ ಕರ್ತವ್ಯ ನೌಕರನಿಗಿಲ್ಲ, ಅಕ್ರಮವನ್ನು ಗುಟ್ಟಾಗಿಡುವ ಹಕ್ಕು ಯಾರಿಗೂ ಇಲ್ಲ. ನಮ್ಮ ೧೮೭೨ರ ಕರಾರು ಕಾಯಿದೆಯ ೨೩ನೆಯ ಕಲಮೂ, ಕಾನೂನಿಗೆ ಅಥವಾ ಸಾರ್ವಜನಿಕ ನೀತಿಗೆ ವಿರುದ್ಧವಾದ ಉದ್ದೇಶದ ಕರಾರು ಅಸಿಂಧುವೆನ್ನುತ್ತದೆ. ಹಾಗಿದ್ದ ಮೇಲೆ ರುಜು ಹಾಕಿದವರು ಅಂಜುವುದೇಕೆ? ಕರಾರು ಅಸಿಂಧುವೆಂದು ನ್ಯಾಯಾಲಯ ಹೇಳಬೇಕಾದರೆ ವರ್ಷಗಳು ಬೇಕು, ವಕೀಲರ ಫೀ ಬೇಕು. ಅಲ್ಲಿಯವರೆಗೆ ಮನೆಯ ಬಾಡಿಗೆ ನಿಲ್ಲುವುದಿಲ್ಲ. ಕಾಗದ ಗೆಲ್ಲುವುದು ತೀರ್ಪಿನಿಂದಲ್ಲ, ಕಾಯಿಸುವುದರಿಂದ.

ನಮ್ಮ ದೇಶದಲ್ಲಿ ಇದೇ ವಸ್ತುವಿನ ಸಮೀಪಕ್ಕೆ ಬರುವ ಚಿತ್ರ ೨೦೧೪ರ ಹಿಂದಿ ‘ಮಂಜುನಾಥ್’. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲೂ ಲಖನೌದ ಐ.ಐ.ಎಂ.ನಲ್ಲೂ ಓದಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿದ್ದರು. ಉತ್ತರಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕಾಗಿ ೨೦೦೫ರ ನವೆಂಬರ್ ೧೯ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ೨೭ ವರ್ಷ. ಸಂದೀಪ್ ವರ್ಮಾ ದಿಗ್ದರ್ಶಿಸಿದ ಆ ಚಿತ್ರದ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಎರಡೂ ಚಿತ್ರಗಳನ್ನು ಒಟ್ಟಿಗೆ ನೆನೆದಾಗ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಬಾಯಿ ಕಟ್ಟಲು ಕಾಗದ ಬೇಕಾಯಿತು. ಇಲ್ಲಿ ಪಿಸ್ತೂಲು ಸಾಕಾಯಿತು. ಅಲ್ಲಿ ಕಥಾನಾಯಕ ಸೋತು ಬದುಕುತ್ತಾನೆ. ಇಲ್ಲಿ ಸತ್ತು ಪ್ರಸಿದ್ಧನಾಗುತ್ತಾನೆ. ಸತ್ತವನನ್ನು ಗೌರವಿಸುವುದು ಸುಲಭ. ಬದುಕಿ ಎದುರಿಗೆ ಕೂಡುವ ವೈಗಂಡನಂಥವನನ್ನು ಕಚೇರಿಯ ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಕೂಡಿಸಿಕೊಳ್ಳುವುದು ಕಷ್ಟ.

ಮಂಜುನಾಥರಿಗಿಂತ ಎರಡು ವರ್ಷ ಮೊದಲು ಸತ್ಯೇಂದ್ರ ದುಬೆ ಇದ್ದರು. ಹೆದ್ದಾರಿ ಪ್ರಾಧಿಕಾರದ ಈ ಇಂಜಿನಿಯರು ಸುವರ್ಣ ಚತುಷ್ಪಥದ ಕಾಮಗಾರಿಯಲ್ಲಿನ ಅವ್ಯವಹಾರವನ್ನು ಕುರಿತು ೨೦೦೨ರಲ್ಲಿ ಪ್ರಧಾನಮಂತ್ರಿಗಳಿಗೆ ಬರೆದು, ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತವೇ ಕಚೇರಿಯಿಂದ ಕಚೇರಿಗೆ ಹೋಯಿತು. ೨೦೦೩ರ ನವೆಂಬರ್ ೨೭ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಗೋಪ್ಯತೆ ಎಂಬುದು ದುರ್ಬಲನಿಗೆ ಬೇಕಾದಾಗ ಸಿಗಲಿಲ್ಲ. ಆಮೇಲೆ ೨೦೦೪ರಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ಇಂಥ ದೂರುಗಳನ್ನು ಸ್ವೀಕರಿಸುವ ಅಧಿಕಾರ ಕೊಡಲಾಯಿತು. ಅಕ್ರಮ ಬಯಲಿಗೆಳೆಯುವವರ ರಕ್ಷಣೆಯ ಕಾಯಿದೆಗೆ ೨೦೧೪ರ ಮೇ ೯ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಅದನ್ನು ಜಾರಿಗೆ ತರುವ ಅಧಿಸೂಚನೆ ಈ ಲೇಖನ ಬರೆಯುವವರೆಗೂ ಹೊರಟಿಲ್ಲ. ಅಂಕಿತ ಬಿದ್ದೂ ಜಾರಿಯಾಗದ ಕಾಗದವೆಂದರೆ ಏನೆಂಬುದು ಸರ್ಕಾರಿ ನೌಕರರಿಗೆ ವಿವರಿಸಬೇಕಾಗಿಲ್ಲ.

ನಾವೂ ಕೇಂದ್ರ ಸರ್ಕಾರದ ಗುಮಾಸ್ತಿಕೆಯಲ್ಲಿರುವುದರಿಂದ ಒಂದು ಮಾತು. ನಮಗೆ ೧೯೬೪ರ ನಡತೆ ನಿಯಮಗಳುಂಟು. ಸರ್ಕಾರವನ್ನು ಟೀಕಿಸಬಾರದೆನ್ನುವುದು ೯ನೆಯ ನಿಯಮ. ಅನಧಿಕೃತವಾಗಿ ಮಾಹಿತಿ ಕೊಡಬಾರದೆನ್ನುವುದು ೧೧ನೆಯದು. ಸಾಹಿತ್ಯ, ಕಲೆ, ವಿಜ್ಞಾನಗಳಿಗೆ ಮಾತ್ರ ಸೀಮಿತವಾದ ಬರಹಕ್ಕೆ ೮ನೆಯ ನಿಯಮದಲ್ಲಿ ಹಿಂದೆ ವಿನಾಯಿತಿ ಇತ್ತು. ಚಲಚ್ಚಿತ್ರ ಕಲೆಯಾದ್ದರಿಂದ ಈ ವಿಮರ್ಶೆ ಆ ಬಾಗಿಲಿನಿಂದ ಒಳಗೆ ಬರುತ್ತಿತ್ತು! ಇದೆಲ್ಲದರ ಹಿಂದೆ ೧೯೨೩ರ ಅಧಿಕೃತ ರಹಸ್ಯಗಳ ಕಾಯಿದೆ ನಿಂತಿದೆ. ೨೦೦೫ರ ಮಾಹಿತಿ ಹಕ್ಕು ಕಾಯಿದೆ ಮಾತ್ರ, ಗುಟ್ಟಾಗಿಡುವುದರಿಂದ ಉಳಿಯುವ ಹಿತಕ್ಕಿಂತ ಬಯಲು ಮಾಡುವುದರಿಂದಾಗುವ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆಂಬ ತಕ್ಕಡಿಯನ್ನು ತಂದಿತು. ೧೧ನೆಯ ನಿಯಮವೂ ಅದಕ್ಕೆ ಅನುಗುಣವಾಗಿ ಬದಲಾಯಿತು.

ಹಾಗೆಂದು ಗುಟ್ಟೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಟೆಂಡರಿನ ದರ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಸಹೋದ್ಯೋಗಿಯ ಕಾಯಿಲೆಯ ಕಡತ, ಇವನ್ನು ಬಾಯಿಬಿಡುವವನು ದ್ರೋಹಿಯೇ ಸರಿ. ಕೆಲಸದ ಸ್ಥಳದಲ್ಲಿ ಹೆಂಗಸರಿಗಾಗುವ ಕಿರುಕುಳವನ್ನು ತಡೆಯುವ ೨೦೧೩ರ ಕಾಯಿದೆ ದೂರು ಕೊಟ್ಟವಳ ಹೆಸರನ್ನು ಪ್ರಕಟಿಸಬಾರದೆನ್ನುತ್ತದೆ. ಅದು ಆಕೆಯನ್ನು ಕಾಯುವ ಗುಟ್ಟು. ಅದೇ ಕಿರುಕುಳಕ್ಕೆ ಪರಿಹಾರದ ಹಣ ಕೊಟ್ಟು, ಇನ್ನು ಬಾಯಿ ತೆರೆಯಕೂಡದೆಂದು ಬರೆಸಿಕೊಳ್ಳುವುದು ಕಿರುಕುಳ ಕೊಟ್ಟವನನ್ನು ಕಾಯುವ ಗುಟ್ಟು. ಅಮೆರಿಕ ೨೦೨೨ರಲ್ಲಿ ಕಾಯಿದೆ ಮಾಡಿ, ಲೈಂಗಿಕ ಕಿರುಕುಳದ ವಿವಾದ ಹುಟ್ಟುವ ಮೊದಲೇ ಬರೆಸಿಕೊಂಡ ಇಂಥ ಷರತ್ತುಗಳು ನ್ಯಾಯಾಲಯದಲ್ಲಿ ನಡೆಯವೆಂದಿತು. ಗುಟ್ಟು ಯಾರನ್ನು ಕಾಯುತ್ತದೆ, ಬಲ್ಲಿದನನ್ನೋ ಬಡವನನ್ನೋ, ಎಂಬುದೇ ಒರೆಗಲ್ಲು. ನಮ್ಮ ಕಚೇರಿಗಳಲ್ಲಿ ವಾರ್ಷಿಕ ಗೋಪ್ಯ ವರದಿ ಎಂಬುದಿತ್ತು. ಯಾರ ಬಗ್ಗೆ ಬರೆದಿದೆಯೋ ಅವನಿಗೇ ಅದು ಕಾಣದು. ಎಲ್ಲ ಟಿಪ್ಪಣಿಗಳನ್ನೂ ನೌಕರನಿಗೆ ತಿಳಿಸಬೇಕೆಂದು ೨೦೦೮ರಲ್ಲಿ ದೇವದತ್ತರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದರಿಂದ ಶಿಸ್ತು ಕುಸಿಯುವುದೆಂದು ಹೇಳಿದವರಿದ್ದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಕೊನೆಯದಾಗಿ ಕನ್ನಡಿಗರಿಗೇ ಸಂಬಂಧಿಸಿದ ಒಂದು ವಿಚಾರ. ಈ ಚಿತ್ರದ ಕಥಾನಾಯಕನನ್ನು ಒಪ್ಪಿಕೊಳ್ಳಲು ನಮಗೆ ಒಳಗೊಳಗೇ ಕಷ್ಟವಾಗುತ್ತದೆ. ಅದಕ್ಕೆ ಕಾರಣ ನಮ್ಮ ರಕ್ತದಲ್ಲಿರುವ ಜೋಳದ ಪಾಳಿ. ಒಡೆಯನ ಜೋಳ ತಿಂದ ಋಣಕ್ಕೆ ಪ್ರಾಣ ಕೊಟ್ಟವರ ವೀರಗಲ್ಲುಗಳು ನಾಡಿನ ತುಂಬ ನಿಂತಿವೆ. ಹತ್ತನೆಯ ಶತಮಾನದ ಪಂಪನ ಕರ್ಣ ಆ ಋಣಕ್ಕಾಗಿಯೇ ರಾಜ್ಯವನ್ನೂ ಒಡಹುಟ್ಟಿದವರನ್ನೂ ಬಿಟ್ಟು ನಮ್ಮ ಕಣ್ಣಲ್ಲಿ ನೀರು ತರಿಸಿದ. ಭಾರತದಲ್ಲಿ ಇನ್ನಿಬ್ಬರಿದ್ದಾರೆ. ಕೌರವರ ಸಭೆಯಲ್ಲಿ ದ್ರೌಪದಿಯ ಪರವಾಗಿ ಬಾಯಿಬಿಟ್ಟ ವಿಕರ್ಣ, ಆದರೂ ಆ ಪಕ್ಷದಲ್ಲೇ ಉಳಿದು ಭೀಮನ ಕೈಯಲ್ಲಿ ಸತ್ತ. ಯುದ್ಧದ ದಿನ ಸಾಲು ದಾಟಿ ಈಚೆಗೆ ಬಂದ ಯುಯುತ್ಸು, ಬದುಕಿ ಉಳಿದ. ಕರ್ಣನ ಹೆಸರು ಮನೆಮನೆಯಲ್ಲಿದೆ. ಯುಯುತ್ಸುವನ್ನು ನೆನೆಯುವವರು ಎಷ್ಟು ಮಂದಿ?

ಜೋಳದ ಪಾಳಿಯನ್ನು ನಾವು ಹಳಿಯುವುದಿಲ್ಲ. ಜೋಳ ಯಾರದೆಂದು ಮಾತ್ರ ಕೇಳುತ್ತೇವೆ. ಸರ್ಕಾರಿ ನೌಕರನ ಜೋಳ ಬರುವುದು ತೆರಿಗೆ ಕೊಡುವವನ ಕಣಜದಿಂದ. ಸಿಗರೇಟು ಕಂಪೆನಿಯ ಉಪಾಧ್ಯಕ್ಷನ ಜೋಳ ಬಂದದ್ದು ಸೇದಿ ಕೆಮ್ಮುವವನ ಜೇಬಿನಿಂದ. ಮೇಲಧಿಕಾರಿಯೂ ಯಜಮಾನನೂ ನಡುವೆ ನಿಂತು ಬಡಿಸುವವರು. ಋಣ ತೀರಿಸಬೇಕಾದದ್ದು ಬೆಳೆದವನಿಗೋ ಬಡಿಸಿದವನಿಗೋ ಎಂಬ ಸಂದೇಹ ಬಂದಾಗ ವೈಗಂಡರು ತೆಗೆದುಕೊಂಡ ನಿರ್ಧಾರ ಸರಿಯಾದದ್ದೆಂಬುದು ನಮ್ಮ ಅಭಿಪ್ರಾಯ. ೧೯೯೮ರ ನವೆಂಬರಿನಲ್ಲಿ ಸಿಗರೇಟು ಕಂಪೆನಿಗಳು ೪೬ ರಾಜ್ಯಗಳೊಡನೆ ಒಪ್ಪಂದಕ್ಕೆ ಬಂದು, ೨೫ ವರ್ಷಗಳಲ್ಲಿ ಸುಮಾರು ೨೦,೬೦೦ ಕೋಟಿ ಡಾಲರು ಕೊಡಲು ಒಪ್ಪಿದ್ದು ಅವರೊಬ್ಬರಿಂದಲೇ ಆದದ್ದಲ್ಲ. ಅವರಂಥವರಿಲ್ಲದೆ ಆಗುತ್ತಲೂ ಇರಲಿಲ್ಲ.

ಏಳು ಆಸ್ಕರ್ ನಾಮಕರಣಗಳನ್ನು ಪಡೆದು ಒಂದನ್ನೂ ಗೆಲ್ಲದ, ಗಲ್ಲಾಪೆಟ್ಟಿಗೆಯಲ್ಲಿಯೂ ಸೋತ ಈ ಚಿತ್ರವನ್ನು, ಮೇಲೆ ಹೇಳಿದ ಕೊರತೆಗಳಿದ್ದರೂ, ವಾಚಕರು ತಪ್ಪದೆ ನೋಡಬೇಕು. ಅದರಲ್ಲೂ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಮಕ್ಕಳ ಜೊತೆ ಕುಳಿತು ನೋಡಬೇಕು. ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ಸಲಹೆಯೂ ಉಂಟು. ನಮ್ಮ ಸದಸ್ಯರಲ್ಲಿ ವಕೀಲರಿಗೆ ಕೊರತೆಯಿಲ್ಲ. ಒಂದು ಭಾನುವಾರ ಸಂಜೆ, ನೇಮಕಾತಿ ಪತ್ರದ ಜೊತೆ ಬರುವ ಈ ಕರಾರುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಏರ್ಪಾಡು ಮಾಡಲಿ. ರುಜು ಬೇಡವೆನ್ನುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಯಾವುದಕ್ಕೆ ರುಜು ಹಾಕುತ್ತಿದ್ದೇವೆ, ಯಾವ ಮಾತನ್ನು ಯಾವ ಕಾಗದವೂ ಕಟ್ಟಿಹಾಕಲಾರದು ಎಂಬ ತಿಳಿವಳಿಕೆಯಾದರೂ ಎಲ್ಲರಿಗೂ ಇರಲಿ.